ಡ್ರೋನ್ ಸೊಸೆ ಮತ್ತು ಮರಗಳಡಿಯ ನೆಲ

ಗುಡ್ಡದ ಬುಡದ ಆ ಕೊನೆಯ ಬೀದಿಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಡ್ರೋನ್ ಸೊಸೆ ಎಂದೇ. ಅಪ್ಪ ಅಮ್ಮ ಇಟ್ಟ ಹೆಸರು ಇರಲಿಲ್ಲವೆಂದಲ್ಲ, ಅದು ಅವಳ ಆಫೀಸಿನ ಬಾಗಿಲ ಮೇಲಿನ ಫಲಕದಲ್ಲಿ ಸುಖವಾಗಿ ಕೂತಿತ್ತು. ಬೀದಿಗೆ ಅದು ಬೇಕಾಗಲಿಲ್ಲ. ಮದುವೆಯಾಗಿ ಬಂದ ಮೊದಲ ವಾರವೇ ಅವಳು ಮನೆಯ ಮುಂದೆ ಪೆಟ್ಟಿಗೆ ಬಿಚ್ಚಿ, ನಾಲ್ಕು ರೆಕ್ಕೆಯ ಯಂತ್ರವನ್ನು ಗುಂಯ್ ಎಂದು ಹಾರಿಸಿದಾಗ ಎದುರುಮನೆಯ ಕೋಳಿಗಳು ದಿಕ್ಕಾಪಾಲಾಗಿ ಓಡಿದವು. "ಯಾರ್ರೀ ಅದು, ಕೋಳಿಗಳ ಜೀವ ತೆಗೀತಿರೋದು?" ಎಂದು ಕೋಳಿಗಳ ಒಡತಿ ಕೂಗಿದರು. "ನಮ್ಮ ಸೊಸೆ ಡ್ರೋನ್ ಬಿಡ್ತಿದಾಳೆ, ಸುಮ್ನಿರಿ!" ಎಂದು ಅತ್ತೆ ಕಿಟಕಿಯಿಂದಲೇ ಉತ್ತರ ಕೊಟ್ಟರು. ಅಲ್ಲಿಗೆ ಹೆಸರು ಅಂಟಿಕೊಂಡಿತು. ಕೂಗಿದವರಿಗೂ ಅವತ್ತಿನಿಂದ ಕೋಳಿಯಮ್ಮ ಎಂಬ ಹೆಸರು ಬಿತ್ತು, ಅದು ನ್ಯಾಯವೇ ಬಿಡಿ.

ತಮಾಷೆ ಏನೆಂದರೆ, ಊರಿನ ನೆಲವನ್ನೆಲ್ಲ ಆಕಾಶದಿಂದ ಅಳೆಯುವ ಈ ಹೆಂಗಸಿಗೆ ಸ್ಟೂಲಿನ ಮೇಲೆ ನಿಂತರೂ ತಲೆ ತಿರುಗುತ್ತಿತ್ತು. ಮೇಲಿನ ಶೆಲ್ಫಿನ ಡಬ್ಬಿ ಬೇಕೆಂದರೆ ಗಂಡ ಬರುವ ತನಕ ಕಾಯಬೇಕು. ಗಂಡ ಸಿಟಿ ಬಸ್ಸಿನ ಚಾಲಕ. ದಿನವಿಡೀ ಹಾರ್ನು, ಬೈಗುಳ, ಬ್ರೇಕಿನ ಕೀಚಲು ಕೇಳಿ ಕೇಳಿ ಅವನ ಕಿವಿ ಮಂದವಾಗಿದೆ ಎಂದು ಮನೆಯಲ್ಲಿ ನಂಬಿದ್ದರು. ನಿಜ ಹೇಳಬೇಕೆಂದರೆ ಅವನ ಕಿವಿ ಚುರುಕಾಗಿಯೇ ಇತ್ತು. ಅಮ್ಮ ಒಂದು ಕಡೆ, ಹೆಂಡತಿ ಇನ್ನೊಂದು ಕಡೆ ಇರುವ ಮನೆಯಲ್ಲಿ ಕಿವಿ ಕೇಳಿಸದಿರುವುದು ಎಷ್ಟು ಅನುಕೂಲ ಎಂಬುದನ್ನು ಅವನು ಬೇಗನೆ ಕಲಿತುಕೊಂಡಿದ್ದ, ಅಷ್ಟೇ.

ಅವಳ ಅಪ್ಪ ದರ್ಜಿ, ಕುತ್ತಿಗೆಯಲ್ಲಿ ಟೇಪು ನೇತುಹಾಕಿಕೊಂಡೇ ಊಟಕ್ಕೆ ಕೂರುವ ಮನುಷ್ಯ. ಮಗಳು ಅದೇ ಟೇಪು ಹಿಡಿದು ಮೇಜು, ಬೆಕ್ಕಿನ ಬಾಲ, ಅಜ್ಜನ ಕಿವಿ ಎಲ್ಲವನ್ನೂ ಅಳೆಯುತ್ತ ಬೆಳೆದಳು. ಓದು ಮುಗಿಸಿ ಭೂಮಾಪನ ಕಲಿತಳು. ಬಿಸಿಲಲ್ಲಿ ಮೂರುಕಾಲಿನ ಸ್ಟ್ಯಾಂಡು ಹೊತ್ತಳು, ಬೇಲಿ ಹಾರಿ ಬಟ್ಟೆ ಹರಿದುಕೊಂಡಳು, ನಾಯಿಗಳ ಬಾಯಿಂದ ಪಾರಾದಳು. ಕಡೆಗೆ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂದು ಕೋಣೆ ಹಿಡಿದು ತನ್ನದೇ ಆಫೀಸು ತೆರೆದಳು. ಎರಡು ಪರದೆಯ ಕಂಪ್ಯೂಟರು, ತೆರೆಯಲಾಗದ ಒಂದು ಕಿಟಕಿ, ಗೋಡೆಗೆ ಒರಗಿಸಿದ ನಕ್ಷೆಗಳ ಸುರುಳಿ. ಕೆಳಗಿನಿಂದ ಪಂಕ್ಚರ್ ಹಾಕುವ ಗೋಂದಿನ ವಾಸನೆ ಹಗಲೆಲ್ಲ ಮೇಲೇರಿ ಬರುತ್ತಿತ್ತು. ಅದಿಲ್ಲದಿದ್ದರೆ ಕೆಲಸ ಓಡುವುದಿಲ್ಲ ಎಂದು ಅವಳೇ ಹೇಳುತ್ತಿದ್ದಳು.

ಇಷ್ಟೆಲ್ಲ ಆದರೂ ದಿನ ಬೆಳಗ್ಗೆ ಆಫೀಸಿಗೆ ಹೊರಡುವ ಮುಂಚೆ ಅವಳಿಗೆ ತಪ್ಪದ ಕೆಲಸವೊಂದಿತ್ತು: ಅತ್ತೆಯ ತಲೆ ಬಾಚುವುದು. ಅತ್ತೆಯ ಬಲಭುಜ ಮೇಲೇಳುತ್ತಿರಲಿಲ್ಲ. ಕೂದಲೋ, ಆ ವಯಸ್ಸಿನಲ್ಲೂ ಸೊಂಟದ ತನಕ. ಹಿತ್ತಲ ಬಾಗಿಲಿನ ಮೆಟ್ಟಿಲ ಮೇಲೆ ಅತ್ತೆ ಕೂರುತ್ತಿದ್ದರು, ಸೊಸೆ ಹಿಂದೆ ನಿಂತು ಜಡೆ ಹೆಣೆಯುತ್ತಿದ್ದಳು. ಬೀದಿಯ ಸುದ್ದಿಯೆಲ್ಲ ಆ ಹೊತ್ತಿನಲ್ಲೇ ವಿನಿಮಯವಾಗುತ್ತಿತ್ತು. ಅತ್ತೆ ಸೊಸೆಯರು ಒಬ್ಬರ ಮೇಲೊಬ್ಬರು ಗುರ್ ಅನ್ನುವುದು ಅವರಿಗೆ ಉಸಿರಾಡಿದಷ್ಟೇ ಸಹಜ, ಆದರೆ ಬಾಚಣಿಗೆ ತಲೆಯಲ್ಲಿರುವಾಗ ಕದನವಿರಾಮ.

ಅತ್ತೆಗೆ ಸೊಸೆಯ ಬಗ್ಗೆ ಹೇಳಲಾರದಷ್ಟು ಹೆಮ್ಮೆ. ಅದಕ್ಕೆ ಕಾರಣ ಬೀದಿಯ ಸಭಾಭವನದ ಗೋಡೆಗೆ ಕಟ್ಟು ಹಾಕಿ ತೂಗುಹಾಕಿದ್ದ ಒಂದು ದೊಡ್ಡ ಚಿತ್ರ. ಕೆಲವು ವರ್ಷಗಳ ಹಿಂದೆ ಅರಣ್ಯ ಇಲಾಖೆಯವರಿಗೆ ಗುಡ್ಡದ ಮೇಲೆ ಎಂಥ ಮರಗಳಿವೆ, ಎಲ್ಲಿ ಒಣಗಿವೆ ಎಂದು ತಿಳಿಯಬೇಕಾಗಿತ್ತು. ಅದಕ್ಕೆ ಫೋಟೋ ನಕ್ಷೆಗಿಂತ ಒಳ್ಳೆಯದು ಯಾವುದೂ ಇಲ್ಲ. ಡ್ರೋನ್ ಸೊಸೆ ಒಂದರ ಮೇಲೊಂದು ಕೂರುವ ಹಾಗೆ ಸಾವಿರಾರು ಫೋಟೋ ತೆಗೆದಳು, ಕಂಪ್ಯೂಟರು ಅವನ್ನೆಲ್ಲ ಹೊಲಿದು ಒಂದೇ ಚಿತ್ರ ಮಾಡಿ ಎತ್ತರ ತಗ್ಗುಗಳನ್ನೂ ಲೆಕ್ಕ ಹಾಕಿತು. ಗುಡ್ಡ ಹಸಿರಾಗಿ, ದುಂಡಗೆ, ನುಣ್ಣಗೆ ಕಂಡಿತು. ಇಲಾಖೆಗೆ ಬೇಕಾದದ್ದು ಸಿಕ್ಕಿತು, ಬೀದಿಯವರು ಒಂದು ಪ್ರತಿ ಕೇಳಿ ಪಡೆದು ಭವನದಲ್ಲಿ ಹಾಕಿದರು. ಮರಗಳನ್ನು ನೋಡಲೆಂದು ಮಾಡಿದ ಚಿತ್ರ ಬರುಬರುತ್ತ ಗುಡ್ಡದ ಗುಣನಡತೆಗೇ ಸರ್ಟಿಫಿಕೇಟಾಯಿತು. ಯಾರಾದರೂ ಇಲ್ಲಿ ವಾಸ ಮಾಡಲು ಭಯವಾಗುವುದಿಲ್ಲವೇ ಎಂದು ಕೇಳಿದರೆ ಸಾಕು, ಅತ್ತೆ ಅವರ ಕೈಹಿಡಿದು ಭವನಕ್ಕೆ ಎಳೆದುಕೊಂಡು ಹೋಗಿ ಚಿತ್ರ ತೋರಿಸುತ್ತಿದ್ದರು.

ಭಯ ಯಾಕೆ ಅಂದಿರಾ? ಹಿಂದಿನ ಮಳೆಗಾಲದಲ್ಲಿ ಬೀದಿಯ ಬಾಗಿಲುಗಳು ಮೊಂಡು ಹಿಡಿದಿದ್ದವು. ಮೊದಲು ಕೋಳಿಯಮ್ಮನ ಅಡುಗೆಮನೆ ಬಾಗಿಲು ಹಾಕಲು ಬರದಾಯಿತು. ತೇವಕ್ಕೆ ಮರ ಉಬ್ಬಿದೆ ಎಂದು ಬೀದಿಯ ಬಡಗಿ ಬಂದು ಉಜ್ಜಿ ಹೋದ. ಆಮೇಲೆ ಪಕ್ಕದ ಮನೆಯದು, ಅದರ ಪಕ್ಕದ್ದು. ಬೇಸಿಗೆ ಬಂದು ಮರವೆಲ್ಲ ಒಣಗಿದರೂ ಬಾಗಿಲುಗಳು ಚೌಕಟ್ಟಿಗೆ ಕೂರಲಿಲ್ಲ. ಗೋಡೆಗಳಲ್ಲಿ ಓರೆಯಾಗಿ ಬಿರುಕು ಎದ್ದವು. ಜನ ಸುಣ್ಣ ಮೆತ್ತಿ ಮುಚ್ಚಿದರು, ಮನಸ್ಸಿಗೂ ಒಂದು ಪದರ ಮೆತ್ತಿಕೊಂಡರು. ನಗರಸಭೆಯ ಎಂಜಿನಿಯರು ಬಂದು ನೋಡಿ, ಮುಖ ಗಂಟು ಹಾಕಿಕೊಂಡು ಹೋದರು. ಮುಂದಿನ ಮಳೆಗೆ ಮುಂಚೆ ಗುಡ್ಡವನ್ನು ಅಳೆಸಬೇಕು, ಅಪಾಯವಿದ್ದರೆ ಬೀದಿಯನ್ನೇ ಖಾಲಿ ಮಾಡಿಸಿ ಬಸ್ ಡಿಪೋ ಆಚೆಯ ಹೊಸ ಫ್ಲಾಟುಗಳಿಗೆ ಎಲ್ಲರನ್ನೂ ಸಾಗಿಸಬೇಕು ಎಂದು ನಿರ್ಧಾರವಾಯಿತು.

ಎಂಜಿನಿಯರು ಒಳ್ಳೆಯ ಮನುಷ್ಯ. ಡ್ರೋನ್ ಸೊಸೆಯನ್ನು ಕರೆಸಿ ಸುತ್ತಿಬಳಸದೆ ಹೇಳಿದರು: "ಎರಡು ದಾರಿ ಇದೆ. ಫೋಟೋ ಆದ್ರೆ ನಾಳೇನೇ ಶುರು ಮಾಡಬಹುದು, ಜನಾನೂ ಒಪ್ತಾರೆ. ಲೇಸರ್ ಆದ್ರೆ ಯಂತ್ರಾನ ಬೇರೆ ಸಂಸ್ಥೆಯಿಂದ ಎರವಲು ತರಬೇಕು, ಮಳೆಗೆ ಮುಂಚೆ ಒಂದೇ ಸಲ ಕೊಡ್ತಾರೆ. ಯಾವುದು ಅಂತ ನೀವು ಬರೆದುಕೊಡಿ, ನಾನು ಸಹಿ ಹಾಕ್ತೀನಿ." ಆಮೇಲೆ ಸ್ವಲ್ಪ ತಡೆದು, "ನಿಮ್ಮ ಮನೇನೂ ಅದೇ ಬೀದೀಲಿದೆ. ಕಷ್ಟ ಅನ್ಸಿದ್ರೆ ಹೇಳಿ, ಬೇರೆಯವರಿಗೆ ಕೊಡ್ತೀನಿ. ನಾನೇನೂ ತಪ್ಪು ತಿಳ್ಕೊಳ್ಳಲ್ಲ" ಎಂದರು.

"ಬೇರೆಯವರು ಬಂದ್ರೆ ನಮ್ಮತ್ತೆ ಕಲ್ಲು ಹೊಡೀತಾರೆ ಸಾರ್. ನಾನೇ ಮಾಡ್ತೀನಿ" ಎಂದಳು ಡ್ರೋನ್ ಸೊಸೆ.

ಆ ಸಂಜೆಯೊಳಗೆ ಸುದ್ದಿ ಬೀದಿ ತಲುಪಿತ್ತು. ಮರುದಿನ ಬೆಳಗ್ಗೆ ಹಿತ್ತಲ ಮೆಟ್ಟಿಲ ಮೇಲೆ ಕೂತು ಜಡೆ ಬಿಚ್ಚಿಸಿಕೊಳ್ಳುತ್ತಲೇ ಅತ್ತೆ ಮಾತು ತೆಗೆದರು.

"ಫೋಟೋನೇ ತೆಗಿ. ಇರೋದನ್ನೇ ಇನ್ನೊಂದ್ಸಲ ತೆಗೆದು ಕೊಡು. ಯಾರು ಬೇಡ ಅಂತಾರೆ?"

"ಫೋಟೋದಲ್ಲಿ ನೆಲ ಕಾಣ್ಸಲ್ಲ ಅತ್ತೆ."

"ಕಾಣ್ಸಲ್ಲ ಅಂದ್ರೆ? ಭವನದಲ್ಲಿ ಇದೆಯಲ್ಲ, ನುಣ್ಣಗೆ, ಬೆಣ್ಣೆ ಹಾಗೆ!"

"ಅದು ನೆಲ ಅಲ್ಲ, ಮರಗಳ ನೆತ್ತಿ. ಕೆಳಗೆ ಏನಿದೆ ಅಂತ ಆ ಚಿತ್ರಕ್ಕೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ."

ಅತ್ತೆ ತಲೆ ತಿರುಗಿಸಲು ಹೋದರು, ಕೂದಲು ಜಗ್ಗಿ "ಅಮ್ಮಾ" ಎಂದರು. ಸೊಸೆ ಬಾಚಣಿಗೆ ನಿಲ್ಲಿಸಿ ಕೇಳಿದಳು: "ಎದುರುಮನೆ ಮಹಡಿಯಿಂದ ಕೋಳಿಯಮ್ಮ ನಿಮ್ಮ ತಲೆ ನೋಡಿದ್ರೆ ಏನು ಕಾಣುತ್ತೆ?"

"ಕೂದ್ಲು ಕಾಣುತ್ತೆ. ತನಗಿಂತ ಜಾಸ್ತಿ ಇದೆ ಅಂತ ಹೊಟ್ಟೆ ಉರ್ಕೊಳ್ತಾಳೆ."

"ಹೋದ ತಿಂಗಳು ಇಲ್ಲೊಂದು ಕುರು ಎದ್ದಿತ್ತಲ್ಲ, ಅದು ಅವರಿಗೆ ಕಾಣಿಸ್ತಾ?"

"ಅವಳಿಗೆ ಹೇಗೆ ಕಾಣುತ್ತೆ? ನೀನು ಬಾಚಣಿಗೆ ಹಾಕಿದಾಗ ಸಿಕ್ತು."

"ಅಷ್ಟೇ ಅತ್ತೆ. ಫೋಟೋ ಅಂದ್ರೆ ಕೋಳಿಯಮ್ಮ. ಲೇಸರ್ ಅಂದ್ರೆ ಬಾಚಣಿಗೆ."

ಅತ್ತೆ ಎಡಗೈಯಿಂದ ಆ ಜಾಗ ಸವರಿಕೊಂಡರು. "ಬಾಚಣಿಗೆ ತಗಲಿದ ಮೇಲೇ ನೋವು ಶುರುವಾಗಿದ್ದು. ಅಲ್ಲೀವರೆಗೂ ಆರಾಮಾಗಿದ್ದೆ" ಎಂದರು. ಆಮೇಲೆ ದನಿ ತಗ್ಗಿಸಿ, "ನೋಡು, ಈ ಮನೆ ನಾನೂ ನಿನ್ನ ಮಾವನೂ ಕೈಯಾರೆ ಕಟ್ಟಿದ್ದು. ಗಾರೆ ಕಲಸಿದ್ದು ನಾನು. ಈ ಹಿತ್ತಲ ಬಾಗಿಲಿಗೆ ನೀಲಿ ಬಣ್ಣ ಹೊಡೆದು, ಒಣಗೋ ಮುಂಚೇನೇ ಅವರು ಆಸ್ಪತ್ರೆ ಸೇರಿದ್ರು. ಅಗೋ, ಅಲ್ಲಿ ಅವರ ಬೆರಳಿನ ಗುರುತು ಇನ್ನೂ ಇದೆ. ಡಿಪೋ ಆಚೆ ಆ ಗೂಡುಗಳಿಗೆ ಹೋಗಿ ಸಾಯೋಕೆ ನನ್ನ ಕೈಲಿ ಆಗಲ್ಲ. ಅತ್ತೇನ ಮನೆಯಿಂದ ಆಚೆ ಹಾಕಿದ ಸೊಸೆ ಅಂತ ನೀನು ಅನ್ನಿಸ್ಕೋಬೇಡ ಕಣೇ" ಎಂದರು.

ಈ ಮಾತು ನೇರ ಎದೆಗೆ ನಾಟಿತು. ಡ್ರೋನ್ ಸೊಸೆಯೇನೂ ಕಲ್ಲಲ್ಲ. ಆ ಮನೆಯ ಮೇಲೆ ಅವಳಿಗೂ ಪ್ರೀತಿ, ಆ ಮುದುಕಿಯ ಮೇಲಂತೂ ಹೇಳತೀರದು. ಆಫೀಸಿಗೆ ಹೋಗಿ ಖಾಲಿ ಹಾಳೆಯ ಮುಂದೆ ಕೂತಳು. ಫೋಟೋ ಎಂದು ಬರೆದರೆ ಯಾರೂ ಕೆಮ್ಮುವವರಿಲ್ಲ. ಚಿತ್ರ ಮತ್ತೆ ನುಣ್ಣಗೆ ಬರುತ್ತದೆ, ಬೀದಿ ಬೀದಿಯಾಗಿಯೇ ಉಳಿಯುತ್ತದೆ, ಅತ್ತೆ ಹಿತ್ತಲ ಮೆಟ್ಟಿಲ ಮೇಲೆ ಕೂರುತ್ತಾರೆ.

ಆದರೆ ಅವಳಿಗೆ ತನ್ನ ಕೆಲಸ ಗೊತ್ತಿತ್ತು. ಬಯಲೋ, ಹೊಲವೋ, ಕಲ್ಲುಗಣಿಯೋ ಆಗಿದ್ದರೆ ಲೇಸರಿನ ಮಾತನ್ನೇ ಎತ್ತುತ್ತಿರಲಿಲ್ಲ. ಎಲೆ ಉದುರಿಸುವ ಕಾಡಾಗಿದ್ದರೆ, ಬೋಳಾದ ತಿಂಗಳಲ್ಲಿ ಫೋಟೋ ತೆಗೆದು ಹೇಗೋ ನಿಭಾಯಿಸಬಹುದಿತ್ತು. ಈ ಗುಡ್ಡದ ಮರಗಳು ವರ್ಷವಿಡೀ ಛತ್ರಿ ಮಡಚುವುದೇ ಇಲ್ಲ. ಫೋಟೋದಿಂದ ನೆಲದ ಎತ್ತರ ತಿಳಿಯಬೇಕಾದರೆ ಒಂದೇ ಚುಕ್ಕೆ ನೆಲ ಕನಿಷ್ಠ ಎರಡು ಬೇರೆ ಜಾಗಗಳಿಂದ ಕಾಣಬೇಕು. ಇಲ್ಲಿ ಒಂದು ಕಡೆಯಿಂದ ಇಣುಕಿದರೂ ಇನ್ನೊಂದು ಕಡೆಯಿಂದ ಎಲೆ ಅಡ್ಡ. ಲೇಸರಿಗೆ ಒಂದೇ ಸಂದು ಸಾಕು. ಬೆಳಕಿನ ಒಂದು ಎಳೆ ಎಲೆಗಳ ನಡುವೆ ನುಸುಳಿ ನೆಲ ಮುಟ್ಟಿ ಹಿಂದಿರುಗಿದರೆ ಮುಗಿಯಿತು. ಅವಳು ಪೆನ್ನಿನ ಮುಚ್ಚಳ ತೆಗೆದು "ಲೇಸರ್" ಎಂದು ಬರೆದಳು. ಬರೆದ ಮೇಲೆ ಅತ್ತಳು, ಮುಖ ತೊಳೆದುಕೊಂಡು ಕೊಟ್ಟು ಬಂದಳು. ಯಾರಿಗೂ ಕಾಣದ ಆ ಮಧ್ಯಾಹ್ನದ ಧೈರ್ಯಕ್ಕೆ ನಾನಂತೂ ಕೈಮುಗಿಯುತ್ತೇನೆ.

ಅತ್ತೆಯ ಬಾಯಿಗೆ ಬೀಗ ಬಿತ್ತು. ಸೊಸೆಯ ಜೊತೆ ಮಾತಿಲ್ಲ, ಎಲ್ಲ ಮಗನ ಮೂಲಕ. "ಊಟ ಆರ್ತಿದೆ ಅಂತ ಹೇಳಪ್ಪ ನಿನ್ನ ಹೆಂಡ್ತಿಗೆ" ಎನ್ನುವರು, ಹೆಂಡತಿ ಮೊಳದ ದೂರದಲ್ಲೇ ನಿಂತಿದ್ದರೂ. ಮಗ ಬೆಳಗ್ಗೆಯೇ ಬಸ್ಸು ಹತ್ತಿ ಹೋಗಿದ್ದರೆ ಗೋಡೆಗೆ ಹೇಳುವರು. ಆದರೆ ಬೆಳಗ್ಗೆ ಹಿತ್ತಲ ಮೆಟ್ಟಿಲ ಮೇಲೆ ಬಂದು ಕೂರುವುದು ಮಾತ್ರ ತಪ್ಪಲಿಲ್ಲ. ತುಟಿ ಪಿಟಕ್ಕೆನ್ನದೆ ಬೆನ್ನು ತಿರುಗಿಸಿ ಕೂರುವರು, ಸೊಸೆ ತುಟಿ ಪಿಟಕ್ಕೆನ್ನದೆ ಬಾಚುವಳು. ಜಗಳಕ್ಕೂ ಕೂದಲಿಗೂ ಏನು ಸಂಬಂಧ ಹೇಳಿ?

ಯಂತ್ರ ಬಂದ ದಿನ ಗಾಳಿ ಇರಲಿಲ್ಲ. ಬಸ್ಸು ತಿರುಗುವ ಬಯಲಿನಲ್ಲಿ ಡ್ರೋನ್ ಸೊಸೆ ಅದನ್ನು ಜೋಡಿಸಿದಳು. ಗುಬ್ಬಚ್ಚಿಯ ಹಾಗಿದ್ದ ಹಳೆಯ ಡ್ರೋನಿನ ಮುಂದೆ ಇದು ಹದ್ದಿನಷ್ಟು ದೊಡ್ಡದು, ಹೊಟ್ಟೆಯ ಕೆಳಗೆ ಕಪ್ಪು ಡಬ್ಬ. "ಬೆಳಕು ಬಿಡುತ್ತಂತೆ, ನನ್ನ ಕೋಳಿಗಳ ಕಣ್ಣು ಹೋದ್ರೆ?" ಎಂದು ಕೋಳಿಯಮ್ಮ ಬುಟ್ಟಿಯಲ್ಲಿ ಕೋಳಿ ಮುಚ್ಚಿಟ್ಟುಕೊಂಡೇ ನೋಡಲು ಬಂದಿದ್ದರು. ಗಂಡ ಬಸ್ಸನ್ನು ಒಂದು ಗಳಿಗೆ ಜಾಸ್ತಿಯೇ ನಿಲ್ಲಿಸಿದ, ಪ್ರಯಾಣಿಕರು ಬೈದರೂ ಅವನಿಗೆ ಕೇಳಿಸಲಿಲ್ಲ. ಹದ್ದು ಏರಿತು, ಗುಡ್ಡದ ಮೇಲೆ ಹೊಲ ಉತ್ತ ಹಾಗೆ ಸಾಲು ಸಾಲಾಗಿ ಹೋಗಿ ಬಂತು. ಕ್ಷಣಕ್ಕೆ ಲಕ್ಷಗಟ್ಟಲೆ ಬೆಳಕಿನ ಎಳೆಗಳು ಕೆಳಗಿಳಿದವು, ಹೆಚ್ಚಿನವು ಎಲೆಗೆ ತಗಲಿ ಹಿಂದಿರುಗಿದವು, ಕೆಲವು ಕೊಂಬೆಗೆ. ಎಲ್ಲೋ ಕೆಲವು ನೆಲ ಕಂಡವು.

ಮೂರ್ನಾಲ್ಕು ದಿನ ಅವಳು ಕಂಪ್ಯೂಟರಿನ ಮುಂದಿನಿಂದ ಏಳಲಿಲ್ಲ. ಎಲೆಗೆ ತಗಲಿದ ಚುಕ್ಕೆಗಳನ್ನು ತೆಗೆದು, ಕೊಂಬೆಯದನ್ನು ತೆಗೆದು, ನೆಲದ ಚುಕ್ಕೆಗಳನ್ನು ಮಾತ್ರ ಉಳಿಸಿಕೊಳ್ಳಬೇಕು. ಈ ಸೋಸುವ ಕೆಲಸವನ್ನು ಮೊದಲು ಕಂಪ್ಯೂಟರೇ ಮಾಡುತ್ತದೆ. ಮಾಡಿತು. ಮರಗಳೆಲ್ಲ ಮಾಯವಾಗಿ ಗುಡ್ಡ ಬೆತ್ತಲೆ ನಿಂತಿತು, ಮತ್ತು ನುಣ್ಣಗಿತ್ತು! ಅವಳ ಕಣ್ಣಲ್ಲಿ ನೀರು ಬಂತು. ಅತ್ತೆಗೆ ಈಗಲೇ ಹೇಳಬೇಕೆಂದು ಫೋನು ಕೈಗೆತ್ತಿಕೊಂಡಳು.

ಫೋನು ಕೈಯಲ್ಲಿರುವಾಗಲೇ ಕಣ್ಣು ಒಂದು ಕಡೆ ನಿಂತಿತು. ಬೀದಿಯ ಮೇಲಿನ ಇಳಿಜಾರಿನಲ್ಲಿ ಉದ್ದಕ್ಕೆ ಒಂದು ತೆಳು ಪಟ್ಟಿ, ಅಲ್ಲಿ ನೆಲದ ಚುಕ್ಕೆ ಒಂದೂ ಇಲ್ಲ. ಖಾಲಿ ಜಾಗವನ್ನು ಕಂಪ್ಯೂಟರು ಆಚೀಚೆಯದನ್ನು ಎಳೆದು ಮುಚ್ಚಿತ್ತು. ಎರಡೂ ಬದಿಯಲ್ಲಿ ಚುಕ್ಕೆಗಳು ಇರುವಾಗ ನಡುವೆ ಮಾತ್ರ ಬೆಳಕು ಇಳಿಯಲಿಲ್ಲ ಎಂದರೆ ಹೇಗೆ ನಂಬುವುದು? ಅವಳಿಗೆ ಅರ್ಥವಾಯಿತು. ನೆಲ ಒಮ್ಮೆಗೇ ಕಡಿದಾಗಿ ಎದ್ದರೆ ಈ ಸೋಸುವ ಲೆಕ್ಕಕ್ಕೆ ಅದು ನೆಲ ಅನ್ನಿಸುವುದಿಲ್ಲ, ಪೊದೆ ಎಂದುಕೊಂಡು ಬೋಳಿಸಿಬಿಡುತ್ತದೆ. ಫೋನು ಕೆಳಗಿಟ್ಟಳು. ಜರಡಿಯ ಕಣ್ಣನ್ನು ಸಡಿಲ ಮಾಡಿ, ಆ ಪಟ್ಟಿಯಲ್ಲಿ ಎಸೆದಿದ್ದ ಚುಕ್ಕೆಗಳನ್ನು ಒಂದೊಂದಾಗಿ ಕೈಯಲ್ಲೇ ಆರಿಸಿ ವಾಪಸು ಹಾಕಿದಳು. ಬೇಡ, ಬೇಡ ಎಂದು ಮನಸ್ಸು ಹೇಳುತ್ತಲೇ ಇತ್ತು, ಕೈ ನಿಲ್ಲಲಿಲ್ಲ. ಸಂಜೆಯ ಹೊತ್ತಿಗೆ ಪರದೆಯ ಮೇಲೆ ಒಂದು ಮೆಟ್ಟಿಲು ಮೂಡಿತು. ಬೀದಿಯ ಅಷ್ಟೂ ಮನೆಗಳನ್ನು ತಬ್ಬುವ ಹಾಗೆ, ಇಳಿಜಾರಿಗೆ ಅಡ್ಡಲಾಗಿ, ಬಿಲ್ಲಿನಂತೆ ಬಾಗಿದ ಮೆಟ್ಟಿಲು. ಗುಡ್ಡದ ನೆಲ ಕೆಳಕ್ಕೆ ಜಾರಿದಾಗ ಮೇಲೆ ಉಳಿಯುವ ಅಂಚು ಹೀಗೇ ಇರುತ್ತದೆ.

ಮರುದಿನ ಎಂಜಿನಿಯರೂ ಅವಳೂ ಗುಡ್ಡ ಹತ್ತಿದರು. ಒಂದೊಂದೇ ಮರವನ್ನು ತಬ್ಬಿಕೊಂಡು, ಕೆಳಗೆ ನೋಡದೆ, ಬೆವರು ಸುರಿಸುತ್ತ ಅವಳು ಹತ್ತಿದ್ದನ್ನು ನೀವು ನೋಡಬೇಕಿತ್ತು. ಮೆಟ್ಟಿಲು ಅಲ್ಲೇ ಇತ್ತು, ಜರಿಗಿಡ ಮತ್ತು ತರಗೆಲೆ ಹೊದ್ದುಕೊಂಡು. ಎಂಜಿನಿಯರು ಮಣ್ಣು ಕೆದಕಿ ನೋಡಿ ತಲೆ ಆಡಿಸಿದರು.

"ಇದೆ. ಆದ್ರೆ ಯಾವ ಕಾಲದ್ದು? ನೂರಾರು ವರ್ಷದ ಹಿಂದೆ ಜಾರಿ, ಈಗ ಗಟ್ಟಿಯಾಗಿ ಕೂತಿರಬಹುದು. ಅಂಥದ್ದು ಎಷ್ಟೋ ಗುಡ್ಡದಲ್ಲಿರುತ್ತೆ."

"ಒಂದು ಸಲ ಅಳೆದ್ರೆ ಆಕಾರ ಸಿಗುತ್ತೆ ಸಾರ್, ಚಲನೆ ಸಿಗಲ್ಲ. ಇನ್ನೊಂದು ಸಲ ಹಾರಿಸಿ ಎರಡನ್ನೂ ಹೋಲಿಸಬೇಕು."

"ಯಂತ್ರ ಮತ್ತೆ ಸಿಗೋದು ಮಳೆಗಾಲ ಮುಗಿದ ಮೇಲೇ. ಬಾಗಿಲು ಬಿರುಕು ಎಲ್ಲ ಕೆಟ್ಟ ಪಾಯದಿಂದಲೂ ಆಗಿರಬಹುದು. ಹಳೇದಾಗಿದ್ರೆ ಇಷ್ಟು ಜನರನ್ನ ಎಬ್ಬಿಸೋದು ಅನ್ಯಾಯ. ಬೆಳೀತಾ ಇದ್ರೆ..." ಎಂದು ಅವರು ಮಾತು ನುಂಗಿಕೊಂಡರು. ನಾಳೆ ಸಂಜೆ ಭವನದಲ್ಲಿ ಸಭೆ, ಅಷ್ಟರಲ್ಲಿ ಒಂದು ತೀರ್ಮಾನಕ್ಕೆ ಬರಬೇಕು ಎಂದರು.

ಅವಳು ಮನೆಗೆ ಬಂದು ಅಡುಗೆಮನೆಯ ಮೇಜಿನ ಮೇಲೆ ನಕ್ಷೆ ಹರಡಿ, ತಲೆ ಮೇಲೆ ಕೈ ಹೊತ್ತು ಕೂತಳು. ಅತ್ತೆ ಟೀ ತಂದು ಮಾತಿಲ್ಲದೆ ಇಟ್ಟರು. ಲೋಟ ಇಟ್ಟ ಕೈ ಅಲ್ಲೇ ನಿಂತಿತು. ಕುತೂಹಲ ಎಂಬುದು ಕೋಪಕ್ಕಿಂತ ದೊಡ್ಡದು.

"ಇದ್ಯಾವ ಊರು?" ಎಂದು ಎಷ್ಟೋ ದಿನಗಳ ಮೇಲೆ ನೇರವಾಗಿ ಕೇಳಿದರು.

"ನಮ್ಮ ಗುಡ್ಡಾನೇ ಅತ್ತೆ. ಮರ ತೆಗೆದ ಮೇಲೆ ಹೀಗೆ ಕಾಣುತ್ತೆ. ಇದು ನಮ್ಮ ಮನೆ. ಇದು ನೀರಿನ ತೊಟ್ಟಿ, ಇದು ಮೇಲಕ್ಕೆ ಹೋಗೋ ಕಾಲುದಾರಿ."

ಅತ್ತೆ ಕನ್ನಡಕ ಹಾಕಿಕೊಂಡು ಕಾಲುದಾರಿಯ ಗುಂಟ ಬೆರಳು ಓಡಿಸಿದರು. ಬೆರಳು ಬಿಲ್ಲಿನ ಗೆರೆಗೆ ಬಂದು ನಿಂತಿತು. ಅವರ ಮುಖ ಅರಳಿತು. "ಅಯ್ಯೋ, ಇದು ನನ್ನ ಕಟ್ಟೆ ಅಲ್ವೇನೆ!"

"ಯಾವ ಕಟ್ಟೆ?"

"ದಿನಾ ಒಣಕಡ್ಡಿ ಆರಿಸೋಕೆ ಹೋಗ್ತೀನಲ್ಲ, ವಾಪಸ್ ಬರ್ತಾ ಇಲ್ಲಿ ಕೂತು ಸುಧಾರಿಸ್ಕೊಳ್ತೀನಿ. ಜೋಡಿಮರದ ಹತ್ರ. ನಿನ್ನ ಮಾವ ಇದ್ದಾಗಿಂದ."

ಸೊಸೆ ಮೆಲ್ಲಗೆ ಕೇಳಿದಳು: "ಆಗಲೂ ಹೀಗೇ ಇತ್ತಾ ಅತ್ತೆ, ಇಷ್ಟೇ ಎತ್ತರ?"

"ಎಲ್ಲಿಯ ಎತ್ತರ! ಗೇಣು ಮೇಲೆ ಇತ್ತೋ ಇಲ್ವೋ. ಕೂತ್ರೆ ಏಳೋಕಾಗ್ತಿರಲಿಲ್ಲ, ನಿನ್ನ ಮಾವ ಕೈ ಹಿಡಿದು ಎಬ್ಬಿಸಬೇಕಿತ್ತು. ಆಮೇಲಾಮೇಲೆ ಸರಿಹೋಯ್ತು. ಒಂದೊಂದು ಮಳೆ ಕಳೆದ ಹಾಗೂ ಕೂರೋಕೆ ಹಿತವಾಗ್ತಾ ಬಂತು. ಈಗಂತೂ ಕುರ್ಚಿ ಹಾಗಿದೆ, ಮೊಣಕಾಲಿಗೆ ಏನೂ ಕಷ್ಟ ಇಲ್ಲ. ವಯಸ್ಸಾಯ್ತು ನಂಗೆ ಅಂತ ಗುಡ್ಡಾನೇ ಕನಿಕರದಿಂದ ಎತ್ತಿ ಕೊಡ್ತಿದೆ ಅಂದ್ಕೊಂಡು, ಕೂತಾಗೆಲ್ಲ ಅದಕ್ಕೊಂದು ನಮಸ್ಕಾರ..."

ಮಾತು ಅಲ್ಲಿಗೇ ನಿಂತಿತು. ಅತ್ತೆ ನಕ್ಷೆಯ ಮೇಲಿಂದ ಬೆರಳು ತೆಗೆದರು. ನಿಧಾನವಾಗಿ ಕುರ್ಚಿ ಎಳೆದು ಕೂತರು.

"ಮೇಲೆ ಎದ್ದಿದ್ದು ಕಟ್ಟೆ ಅಲ್ಲ, ಅಲ್ವೇನೆ?"

"ಅಲ್ಲ ಅತ್ತೆ. ಕೆಳಗಿನದು ಇಳೀತಿದೆ."

"ಕೆಳಗಿನದು ಅಂದ್ರೆ ನಾವು."

"ಹೂಂ."

ಮರುದಿನ ಭವನ ತುಂಬಿ ಹೋಗಿತ್ತು. ಎಂಜಿನಿಯರು ಹೊಸ ನಕ್ಷೆ ತೋರಿಸಿ ವಿವರಿಸುವಾಗ ಜನ ಗೋಡೆಯ ಹಸಿರು ಚಿತ್ರದ ಕಡೆ ಕೈ ಮಾಡಿ ಗಲಾಟೆ ಎಬ್ಬಿಸಿದರು. ಎಲ್ಲರ ಕಣ್ಣೂ ಅತ್ತೆಯ ಮೇಲೆ, ಇವರು ಎದ್ದು ನಾಲ್ಕು ಮಾತು ಆಡಿದರೆ ಎಂಜಿನಿಯರು ಬಾಲ ಮುದುರಿಕೊಂಡು ಹೋಗುತ್ತಾರೆ ಎಂದು. ಅತ್ತೆ ಎದ್ದರು. ಕಟ್ಟೆಯ ಕಥೆಯನ್ನು ಇದ್ದದ್ದು ಇದ್ದ ಹಾಗೆ ಹೇಳಿದರು. ಮೊದಲು ಎಷ್ಟಿತ್ತು ಎಂದು ಗೇಣು ಹಿಡಿದು, ಈಗ ಎಷ್ಟಿದೆ ಎಂದು ಮೊಣಕಾಲು ತಟ್ಟಿ ತೋರಿಸಿದರು.

"ಸೊಸೆ ಹೇಳಿಕೊಟ್ಟಿದ್ದನ್ನ ಒಪ್ಪಿಸ್ತಿದೀಯ!" ಎಂದರು ಕೋಳಿಯಮ್ಮ ಸಿಟ್ಟಿನಿಂದ.

"ಸೊಸೆ ಅಲ್ಲ ಕಣೇ, ನನ್ನ ಕುಂಡಿ ಹೇಳಿದ್ದು. ಅಷ್ಟು ವರ್ಷ ಅಲ್ಲಿ ಕೂತಿದ್ದು ಯಾರು, ನೀನಾ? ಆ ಗೋಡೆ ಮೇಲಿನ ಚಿತ್ರಾನ ನಿನಗೆ ತೋರಿಸ್ದೋಳೂ ನಾನೇ. ಈಗ ಹೇಳ್ತಿರೋಳೂ ನಾನೇ. ಮೊದ್ಲು ಮನೆ ಖಾಲಿ ಮಾಡೋಳೂ ನಾನೇ. ನೀನು ಬರ್ಲಿಲ್ಲ ಅಂದ್ರೆ ಮೊದ್ಲು ಆ ಕೋಳಿಗಳನ್ನ ಹೊತ್ಕೊಂಡು ಹೋಗ್ತೀನಿ, ಆಮೇಲೆ ನೀನೇ ಓಡಿ ಬರ್ತೀಯ."

ಜನ ನಕ್ಕರು. ನಗುತ್ತಲೇ ಒಬ್ಬೊಬ್ಬರಾಗಿ ಸುಮ್ಮನಾದರು. ಗುಡ್ಡ ಜಾರುತ್ತಿದೆ ಎನ್ನಲು ಎಂಜಿನಿಯರಿಗೆ ಇನ್ನು 'ಬಹುಶಃ' ಎಂಬ ಪದ ಬೇಕಾಗಲಿಲ್ಲ.

ಮಳೆ ಶುರುವಾಗುವ ಮುಂಚೆ ಬೀದಿ ಖಾಲಿಯಾಯಿತು. ಡಿಪೋ ಆಚೆಯ ಫ್ಲಾಟುಗಳಲ್ಲಿ ಹೊಸ ಬಣ್ಣದ ವಾಸನೆ, ಪಕ್ಕದ ಮನೆಯ ಕೆಮ್ಮು ಕೇಳುವಷ್ಟು ತೆಳು ಗೋಡೆ. ಅತ್ತೆಗೆ ಯಾವುದೂ ಹಿಡಿಸಲಿಲ್ಲ. ನಲ್ಲಿ ಸರಿಯಿಲ್ಲ, ಗಾಳಿ ಸರಿಯಿಲ್ಲ, ಕೂತು ಜಡೆ ಹಾಕಿಸಿಕೊಳ್ಳಲು ಒಂದು ಮೆಟ್ಟಿಲೂ ಇಲ್ಲ ಎಂದು ದಿನಾ ಗೊಣಗುತ್ತಿದ್ದರು. ಸುಮ್ಮನೆ ಹೆದರಿಸಿದಿರಾ ನಮ್ಮನ್ನ ಎಂದು ಬೀದಿಯವರು ಎದುರಿಗೇ ಚುಚ್ಚುತ್ತಿದ್ದರು. ಮಳೆ ಬಂತು, ವಾರಗಟ್ಟಲೆ ಸುರಿಯಿತು, ಏನೂ ಆಗಲಿಲ್ಲ. ಡ್ರೋನ್ ಸೊಸೆ ತಲೆ ತಗ್ಗಿಸಿಕೊಂಡು ಆಫೀಸಿಗೆ ಹೋಗಿ ಬರುತ್ತಿದ್ದಳು. ಗುಡ್ಡ ಬೀಳಲಿ ಎಂದು ಬೇಡುವ ಹಾಗಿಲ್ಲ, ಬೀಳದಿರಲಿ ಎಂದು ಬೇಡುವುದೂ ಸುಲಭವಿರಲಿಲ್ಲ. ಆದರೂ ಬೀಳದಿರಲಿ ಎಂದೇ ಬೇಡಿದಳು.

ಒಂದು ಬೆಳಗ್ಗೆ ಟೀ ಹೊತ್ತಿಗೆ ಗುಡ್ಡ ಬಂತು. ಲಾರಿಗಟ್ಟಲೆ ಜಲ್ಲಿ ಸುರಿದ ಹಾಗಿನ ಸದ್ದು ಡಿಪೋವರೆಗೂ ಕೇಳಿತು. ಜೋಡಿಮರದ ಕೆಳಗಿನ ನೆಲ ಮರಗಳ ಸಮೇತ ಇಳಿದು ಕೊನೆಯ ಬೀದಿಯ ಮೇಲೆ ಮಲಗಿತು. ಮನೆ ಎಲ್ಲಿತ್ತು, ಭವನ ಎಲ್ಲಿತ್ತು ಎಂದು ಗುರುತು ಹಿಡಿಯುವುದೂ ಕಷ್ಟ. ಡ್ರೋನ್ ಸೊಸೆಗೆ ಮೊದಲು ಫೋನು ಮಾಡಿದವರು ಎಂಜಿನಿಯರು. "ಒಬ್ಬರೂ ಇಲ್ಲಮ್ಮ, ಒಬ್ಬರೂ ಇಲ್ಲ ಅದರೊಳಗೆ" ಎಂದಷ್ಟೇ ಹೇಳಿ ಅವರೂ ಅತ್ತುಬಿಟ್ಟರು.

ಅವಳು ಓಡಿ ಮನೆಗೆ ಬಂದಾಗ ಅತ್ತೆ ಕಿರಿದಾದ ಬಾಲ್ಕನಿಯಲ್ಲಿ ಕಂಬಿ ಹಿಡಿದು ನಿಂತಿದ್ದರು. "ಕೋಳಿಯಮ್ಮ ಎಲ್ಲಿ?" ಎಂದರು. ಮೇಲಿನ ಮಹಡಿಯಲ್ಲಿದ್ದಾರೆ ಎಂದಳು ಸೊಸೆ. "ಬಡಗಿ? ಅವನ ಹೆಂಡ್ತಿ? ನೀರಿನ ತೊಟ್ಟಿ ಪಕ್ಕದ ಮನೆ ಮುದುಕ?" ಒಂದೊಂದು ಮನೆಯನ್ನೂ ಹೆಸರಿಸಿ ಕೇಳಿದರು. ಎಲ್ಲರೂ ಇಲ್ಲೇ ಇದ್ದಾರೆ ಎಂದು ಪ್ರತಿ ಸಲವೂ ಸೊಸೆ ಹೇಳಿದಳು. ಕೇಳಲು ಇನ್ನು ಮನೆ ಉಳಿಯದಿದ್ದಾಗ ಅತ್ತೆ ನೆಲದ ಮೇಲೆ ಕುಸಿದು ಕೂತು, ಎದೆ ಬಿರಿಯುವ ಹಾಗೆ ಗೋಳೋ ಎಂದು ಅತ್ತರು. ಸೊಸೆ ಪಕ್ಕದಲ್ಲಿ ಕೂತು ಅವರನ್ನು ತಬ್ಬಿಕೊಂಡು, "ಅಳಬೇಡಿ ಅತ್ತೆ, ಅಳಬೇಡಿ" ಎಂದಳು.

"ಬಿಡೇ, ಅಳ್ತೀನಿ. ನನ್ನ ಮನೆಗೆ ಅಳ್ತಿದ್ದೀನಿ" ಎಂದರು ಅತ್ತೆ, ಸೊಸೆಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡು. "ಬರೀ ಮನೆಗೆ ಅಳೋ ಹಾಗೆ ಮಾಡಿದೆಯಲ್ಲೇ ನೀನು."